ಬೇರೆ ದೇಶದ ಮಾನವ ಹಕ್ಕು ಕಾನೂನನ್ನೇ ಇಲ್ಲಿಗೆ ತಂದರೆ ಆಗಲ್ವಾ?

ಪ್ರಶ್ನೆ: ನಮ್ಮೂರಿನ ಹುಡುಗನೊಬ್ಬನನ್ನು ಠಾಣೆಯಲ್ಲಿ ಹೊಡೆದಿದ್ದರು. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟೆವು. ವಿಚಾರಣೆ ನಡೆಸಿ, ಪರಿಹಾರ ಕೊಡಿ ಎಂದು ಆಯೋಗ ಹೇಳಿತು. ಇಲಾಖೆ ಇನ್ನೂ ಕೊಟ್ಟಿಲ್ಲ. ಕೇಳಿದರೆ ‘ಅದು ಬರೀ ಶಿಫಾರಸು’ ಅನ್ನುತ್ತಾರೆ. ಬೇರೆ ದೇಶಗಳಲ್ಲಿ ಆಯೋಗ ಹೇಳಿದ್ದು ನಡೆಯುತ್ತದೆ ಎಂದು ಓದಿದ್ದೇನೆ. ಅಂಥ ದೇಶದ ಕಾನೂನನ್ನೇ ನಾವೂ ತಂದುಕೊಂಡರೆ ಆಗಲ್ವಾ? ಯಾವ ದೇಶದ್ದು ತರಬೇಕು?

ಉತ್ತರ: ಯಾವ ಒಂದು ದೇಶದ ಕಾನೂನನ್ನೂ ಇಡಿಯಾಗಿ ತರುವುದು ಬೇಡ. ಒಂದೊಂದು ದೇಶದಿಂದ ಒಂದೊಂದು ಏರ್ಪಾಡನ್ನು ತರಬಹುದು, ತರಲೇಬೇಕು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಇಲ್ಲಿ ಬಹಳ ಮುಖ್ಯ. ನೀವು ಕೇಳುತ್ತಿರುವುದು ಆಯೋಗಕ್ಕೆ ಆದೇಶ ಮಾಡುವ ಅಧಿಕಾರ. ಅದಕ್ಕಿಂತ ಮೊದಲು ನಾನು ಎರಡು ವಿಷಯ ಕೇಳುತ್ತೇನೆ. ಆಯೋಗದವರನ್ನು ಆರಿಸುವವರು ಯಾರು? ಅವರ ಪರವಾಗಿ ತನಿಖೆ ಮಾಡುವವರು ಯಾರು? ಇವೆರಡು ಸರಿಹೋಗದೆ ಅಧಿಕಾರ ಕೊಟ್ಟರೆ ಸರ್ಕಾರಕ್ಕೆ ಬೇಕಾದ ತೀರ್ಮಾನಕ್ಕೇ ಬಲ ಬಂದುಬಿಡುತ್ತದೆ. ‘ತಪ್ಪಿಲ್ಲ ಅಂತ ಆಯೋಗವೇ ಆದೇಶ ಮಾಡಿದೆ’ ಎಂಬ ಮಾತು ಮುಂದೊಂದು ದಿನ ಏಟು ತಿಂದವನ ವಿರುದ್ಧವೇ ನಿಲ್ಲುತ್ತದೆ.

ಮೊದಲು ನಮ್ಮ ಕಾನೂನಿನಲ್ಲಿ ಏನಿದೆ ನೋಡೋಣ. ನಮ್ಮದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಆ ವರ್ಷ ಸೆಪ್ಟೆಂಬರ್ 28ಕ್ಕೆ ಸುಗ್ರೀವಾಜ್ಞೆ ಬಂತು. ಅಕ್ಟೋಬರ್ 12ಕ್ಕೆ ರಾಷ್ಟ್ರೀಯ ಆಯೋಗ ಹುಟ್ಟಿತು. ಸಂಸತ್ತು ಅದನ್ನು ಕಾಯ್ದೆ ಮಾಡಿದ್ದು ಆಮೇಲೆ. ಇದೇ ಕಾಯ್ದೆಯ ಕೆಳಗೆ ರಾಜ್ಯಗಳಲ್ಲೂ ಆಯೋಗಗಳಿವೆ. ವಿಚಾರಣೆ ನಡೆಸುವಾಗ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಸಾಕ್ಷಿಗಳನ್ನು ಕರೆಸಬಹುದು, ಕಡತ ತರಿಸಬಹುದು. ವಿಚಾರಣೆ ಮುಗಿದ ಮೇಲೆ ಮಾತ್ರ ಕೈ ಕಟ್ಟಿಹಾಕಿದ ಹಾಗೆ. ಸೆಕ್ಷನ್ 18ರ ಪ್ರಕಾರ ಪರಿಹಾರ ಕೊಡಿ, ಕೇಸು ಹಾಕಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡಬಹುದು, ಇಲ್ಲವೇ ಕೋರ್ಟಿಗೆ ಹೋಗಬಹುದು, ಅಷ್ಟೇ. ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರು ರಾಷ್ಟ್ರೀಯ ಆಯೋಗದ ಅಧ್ಯಕ್ಷರಾಗಿದ್ದಾಗ ಅದನ್ನು ಹಲ್ಲಿಲ್ಲದ ಹುಲಿ ಎಂದು ಕರೆದಿದ್ದರು. ಮಣಿಪುರದ ಎನ್‌ಕೌಂಟರ್ ಸಾವುಗಳ ಪ್ರಕರಣದಲ್ಲಿ 2017ರಲ್ಲಿ ತೀರ್ಪು ಕೊಟ್ಟಾಗ ಸುಪ್ರೀಂ ಕೋರ್ಟ್ ಆ ಮಾತನ್ನು ಗಂಭೀರವಾಗಿಯೇ ತೆಗೆದುಕೊಂಡಿತು. ಸಿಬ್ಬಂದಿ ಸಾಲುತ್ತಿಲ್ಲ ಎಂಬ ಆಯೋಗದ ಅಳಲೂ ಆ ಕೇಸಿನಲ್ಲಿ ಹೊರಬಂತು.

ಹಾಗಾದರೆ ಹಲ್ಲು ಕೊಟ್ಟರೆ ಮುಗಿಯಿತಲ್ಲ ಅನಿಸುತ್ತದೆ. ಇಲ್ಲಿ ಒಂದು ಹಳೆಯ ಪ್ರಸಂಗ ಹೇಳಲೇಬೇಕು. ಹೊರದೇಶದಿಂದ ಕಾನೂನು ಕಲಿಯುವುದರ ಲಾಭ ಮತ್ತು ಅಪಾಯ ಎರಡೂ ಅದರಲ್ಲಿದೆ.

ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು ಬಿ.ಎನ್. ರಾವ್. ಹುಟ್ಟಿದ್ದು ಮಂಗಳೂರಿನಲ್ಲಿ. 1947ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಅಲ್ಲಿನ ನ್ಯಾಯಾಧೀಶರನ್ನು, ಕಾನೂನು ಬಲ್ಲವರನ್ನು ಕಂಡು ಮಾತಾಡಿದರು. ಆಗ ನಮ್ಮ ಕರಡಿನಲ್ಲಿ ‘ಡ್ಯೂ ಪ್ರೋಸೆಸ್’ ಎಂಬ ಅಮೆರಿಕದ ಮಾತಿತ್ತು. ಯಾರದೇ ಸ್ವಾತಂತ್ರ್ಯ ಕಿತ್ತುಕೊಳ್ಳುವ ಕಾನೂನು ನ್ಯಾಯವಾಗಿದೆಯೇ ಎಂದು ನೋಡುವ ಅಧಿಕಾರ ಅದರಿಂದ ಕೋರ್ಟಿಗೆ ಸಿಗುತ್ತಿತ್ತು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅದು ಬೇಡ ಎಂದರು. ಅವರ ಭಯಕ್ಕೆ ಕಾರಣ ಇತ್ತು. ಬೇಕರಿ ಕಾರ್ಮಿಕರನ್ನು ದಿನಕ್ಕೆ 10 ಗಂಟೆಗಿಂತ ಜಾಸ್ತಿ ದುಡಿಸಬಾರದು ಎಂಬ ನ್ಯೂಯಾರ್ಕ್ ಕಾನೂನನ್ನು 1905ರಲ್ಲಿ ಅವರದೇ ಕೋರ್ಟು ಈ ಮಾತಿನ ಬಲದಿಂದ ಹೊಡೆದುಹಾಕಿತ್ತು. ಅದರಿಂದ ಮಾಲೀಕರಿಗೆ ಅನುಕೂಲವಾಯಿತು, ಕಾರ್ಮಿಕರಿಗೆ ಅಲ್ಲ.

ರಾವ್ ಆ ಸಲಹೆ ಹೊತ್ತು ಬಂದರು. ಕರಡು ಸಮಿತಿ ಆ ಮಾತನ್ನು ತೆಗೆದು, ಜಪಾನಿನ ಸಂವಿಧಾನದ ಮಾದರಿಯಲ್ಲಿ ‘ಕಾನೂನು ಹಾಕಿಕೊಟ್ಟ ಕ್ರಮ’ ಎಂಬ ಅರ್ಥದ ಮಾತು ಹಾಕಿತು. ಅದೇ ನಮ್ಮ ಸಂವಿಧಾನದ 21ನೇ ವಿಧಿ. ಪರಿಣಾಮ ಬೇಗನೇ ಕಾಣಿಸಿತು. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮನ್ನು ಮುಂಜಾಗ್ರತಾ ಬಂಧನದಲ್ಲಿ ಇಟ್ಟದ್ದನ್ನು ಪ್ರಶ್ನಿಸಿದರು. ಕಾನೂನು ಇದೆ, ಕ್ರಮ ಪಾಲಿಸಿದ್ದಾರೆ, ಆ ಕಾನೂನು ನ್ಯಾಯವೋ ಅಲ್ಲವೋ ನಾವು ನೋಡುವುದಿಲ್ಲ ಎಂಬ ಧಾಟಿಯಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇದು ಬದಲಾಗಲು 28 ವರ್ಷ ಬೇಕಾಯಿತು. 1978ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣದಲ್ಲಿ, ಆ ಕ್ರಮ ನ್ಯಾಯವಾಗಿಯೂ ಇರಬೇಕು ಎಂದು ಕೋರ್ಟ್ ಹೇಳಿತು.

ಫ್ರಾಂಕ್‌ಫರ್ಟರ್ ಸುಳ್ಳು ಹೇಳಲಿಲ್ಲ. ತಮ್ಮ ದೇಶದ ಕಾಯಿಲೆಗೆ ಔಷಧ ಹೇಳಿದರು. ನಮ್ಮ ಕಾಯಿಲೆ ಬೇರೆ ಇತ್ತು. ವಿಚಾರಣೆಯೇ ಇಲ್ಲದೆ ಜನರನ್ನು ಒಳಗೆ ಹಾಕುವ ವಸಾಹತು ಕಾಲದ ಅಭ್ಯಾಸ ನಮ್ಮಲ್ಲಿತ್ತು. ಕಾನೂನು ಎರವಲು ತರುವಾಗ ಅದು ಯಾವ ತೊಂದರೆಗೆ ಹುಟ್ಟಿದ್ದು, ಅಲ್ಲಿ ಎಷ್ಟು ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು ಎಂದು ಕೇಳುವುದು ಅದಕ್ಕೇ.

ಈಗ ಆಯ್ಕೆಯ ವಿಷಯ. ನಮ್ಮ ರಾಷ್ಟ್ರೀಯ ಆಯೋಗದವರನ್ನು ಆರು ಜನರ ಸಮಿತಿ ಆರಿಸುತ್ತದೆ. ಪ್ರಧಾನಿ, ಗೃಹ ಸಚಿವರು, ಲೋಕಸಭಾ ಸ್ಪೀಕರ್, ರಾಜ್ಯಸಭೆಯ ಉಪಸಭಾಪತಿ ಮತ್ತು ಎರಡೂ ಸದನಗಳ ವಿರೋಧ ಪಕ್ಷದ ನಾಯಕರು. ವಿರೋಧದ ದನಿ ಎರಡು ಮಾತ್ರ. 2021ರಲ್ಲೂ 2024ರಲ್ಲೂ ವಿರೋಧ ಪಕ್ಷದವರು ಭಿನ್ನಮತ ಬರೆದಿಟ್ಟರು. ನೇಮಕ ನಿಲ್ಲಲಿಲ್ಲ. ಪೊಲೀಸರು ಮತ್ತು ಅರೆಸೇನಾ ಪಡೆಗಳ ವಿಷಯ ನೋಡಿಕೊಳ್ಳುವುದೇ ಗೃಹ ಇಲಾಖೆ. ಅವರ ಮೇಲಿನ ದೂರು ಕೇಳುವವರನ್ನು ಆರಿಸಲು ಗೃಹ ಸಚಿವರೂ ಕೂರುತ್ತಾರೆ! 2019ರ ತಿದ್ದುಪಡಿ ಇನ್ನೊಂದು ಕೆಲಸ ಮಾಡಿತು. ಅವಧಿಯನ್ನು 5 ವರ್ಷದಿಂದ 3 ವರ್ಷಕ್ಕೆ ಇಳಿಸಿತು, ಅಧ್ಯಕ್ಷರನ್ನೂ ಮತ್ತೆ ನೇಮಿಸಬಹುದು ಎಂದಿತು. ಮತ್ತೆ ನೇಮಕ ಆಗಬೇಕು ಅನ್ನುವವರು ಯಾರ ಮುಖ ನೋಡುತ್ತಾರೆ? ವ್ಯಕ್ತಿಗಳ ಮೇಲೆ ನನಗೆ ಸಂಶಯ ಇಲ್ಲ. ಅಂಥ ಸಂಶಯಕ್ಕೆ ಕಾನೂನೇ ಜಾಗ ಕೊಡಬಾರದು.

ಇಲ್ಲಿ ದಕ್ಷಿಣ ಆಫ್ರಿಕಾದಿಂದ ಕಲಿಯಲು ಬಹಳ ಇದೆ. ಅಲ್ಲಿನ ಮಾನವ ಹಕ್ಕು ಆಯೋಗದ ಹೆಸರು ಸಂವಿಧಾನದಲ್ಲೇ ಇದೆ. ಹಾಗಾಗಿ ಅದನ್ನು ಮಾಮೂಲಿ ಕಾಯ್ದೆಯಿಂದ ಅಳಿಸಲು ಬರುವುದಿಲ್ಲ. ಸದಸ್ಯರ ಹೆಸರುಗಳನ್ನು ಸೂಚಿಸುವುದು ಸಂಸತ್ತಿನ ಸಮಿತಿ. ಅದರಲ್ಲಿ ಎಲ್ಲ ಪಕ್ಷಗಳಿಗೂ ಅವುಗಳ ಬಲಕ್ಕೆ ತಕ್ಕ ಜಾಗ. ಅಭ್ಯರ್ಥಿಗಳ ಸಂದರ್ಶನ ಬಹಿರಂಗವಾಗಿ ನಡೆಯುತ್ತದೆ. ಆಮೇಲೆ ಸದನ ಬಹುಮತದಿಂದ ಒಪ್ಪಬೇಕು. ಅಷ್ಟಾದ ಮೇಲೆ ರಾಷ್ಟ್ರಪತಿ ನೇಮಿಸುತ್ತಾರೆ. ಜನರ ಮುಂದೆ ಕೂತು ‘ನೀವು ಇದುವರೆಗೆ ಮಾನವ ಹಕ್ಕಿಗಾಗಿ ಏನು ಮಾಡಿದ್ದೀರಿ’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಬಂದವರು ಆಮೇಲೆ ಬೇರೆಯೇ ರೀತಿ ನಡೆದುಕೊಳ್ಳುತ್ತಾರೆ ಎಂದು ನಾನು ನಂಬುತ್ತೇನೆ.

ಎಚ್ಚರಿಕೆಗೆ ಶ್ರೀಲಂಕಾ ನೋಡಿ. ಅಲ್ಲಿ 2001ರ 17ನೇ ತಿದ್ದುಪಡಿ ಸಂವಿಧಾನ ಮಂಡಳಿ ಎಂಬ ಒಂದು ಸಂಸ್ಥೆ ಮಾಡಿತು. ಆಯೋಗದ ನೇಮಕ ಅದರ ಮೂಲಕ ಆಗಬೇಕಿತ್ತು. ಕೆಲವೇ ವರ್ಷಗಳಲ್ಲಿ ಮಂಡಳಿಯನ್ನೇ ಭರ್ತಿ ಮಾಡದೆ ಬಿಟ್ಟು, 2006ರಲ್ಲಿ ದೇಶದ ಅಧ್ಯಕ್ಷರೇ ನೇರವಾಗಿ ನೇಮಕ ಮಾಡಿದರು. 2007ರಲ್ಲಿ, ಆಯೋಗ ಎಷ್ಟು ಸ್ವತಂತ್ರ ಎಂದು ನೋಡಿ ಕೊಡುವ ಅಂತರರಾಷ್ಟ್ರೀಯ ದರ್ಜೆ ಎ ಯಿಂದ ಬಿ ಗೆ ಇಳಿಯಿತು. ಮುಂದೆ 2010ರಲ್ಲಿ ಮಂಡಳಿಯನ್ನೇ ತೆಗೆದರು, 2015ರಲ್ಲಿ ತಂದರು, 2020ರಲ್ಲಿ ಮತ್ತೆ ತೆಗೆದರು, 2022ರಲ್ಲಿ ಮತ್ತೆ ತಂದರು. ಕಾಗದದ ಮೇಲೆ ಒಳ್ಳೆಯ ಏರ್ಪಾಡೇ. ಆದರೆ ಖಾಲಿ ಕುರ್ಚಿ ಇಷ್ಟು ದಿನದೊಳಗೆ ತುಂಬಲೇಬೇಕು, ಇಲ್ಲದಿದ್ದರೆ ಹೀಗಾಗುತ್ತದೆ ಎಂದು ಬರೆಯದೆ ಹೋದರೆ ಆಡಳಿತಕ್ಕೆ ದಾರಿ ಸಿಕ್ಕಿಬಿಡುತ್ತದೆ. ನಾವು ಆಯ್ಕೆಯ ನಿಯಮ ತರುವುದಾದರೆ ಆ ಗಡುವನ್ನೂ ಜೊತೆಗೇ ತರಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಎರಡನೆಯ ಪ್ರಶ್ನೆ, ತನಿಖೆ ಮಾಡುವವರು ಯಾರು ಎಂಬುದು. ನಮ್ಮ ಕಾಯ್ದೆಯ ಸೆಕ್ಷನ್ 11 ಓದಿ. ಆಯೋಗದ ಮಹಾಕಾರ್ಯದರ್ಶಿಯಾಗಲು ಕಾರ್ಯದರ್ಶಿ ದರ್ಜೆಯ ಅಧಿಕಾರಿಯನ್ನು ಕೇಂದ್ರ ಸರ್ಕಾರ ಕೊಡಬೇಕು. ತನಿಖೆಗೆ ಪೊಲೀಸ್ ಸಿಬ್ಬಂದಿಯನ್ನೂ ಅದೇ ಕೊಡಬೇಕು, ಅವರ ಮೇಲೆ ಡಿಜಿಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಅಂದರೆ ಪೊಲೀಸರ ಮೇಲಿನ ದೂರನ್ನು ತನಿಖೆ ಮಾಡುವವರು ಎರವಲು ಸೇವೆಯ ಮೇಲೆ ಬಂದ ಪೊಲೀಸರೇ. ಅವರಲ್ಲಿ ಒಳ್ಳೆಯವರು, ಶ್ರದ್ಧೆಯವರು ಖಂಡಿತ ಇದ್ದಾರೆ. ಆದರೆ ನಾಳೆ ಅವರು ಅದೇ ಇಲಾಖೆಗೆ ವಾಪಸ್ ಹೋಗಬೇಕು, ಬಡ್ತಿ ಅಲ್ಲೇ ಸಿಗಬೇಕು. ಠಾಣೆಯಲ್ಲಿ ಏಟು ತಿಂದು ಬಂದವನು ಇನ್ನೊಬ್ಬ ಪೊಲೀಸ್ ಅಧಿಕಾರಿಯ ಎದುರು ಬಾಯಿ ಬಿಡುತ್ತಾನಾ? ದೇಶಗಳ ಆಯೋಗಗಳಿಗೆ ದರ್ಜೆ ಕೊಡುವ ಜಾಗತಿಕ ಒಕ್ಕೂಟ 2023ರಲ್ಲಿ, ಮತ್ತೆ 2024ರಲ್ಲಿ ನಮ್ಮ ಆಯೋಗದ ಎ ದರ್ಜೆಯ ನವೀಕರಣವನ್ನು ಮುಂದೂಡಿತು. ಅದು ಎತ್ತಿದ ಆಕ್ಷೇಪಗಳಲ್ಲಿ ಈ ಪೊಲೀಸ್ ಸಿಬ್ಬಂದಿಯ ವಿಷಯವೂ ಇತ್ತು.

ಉತ್ತರ ಐರ್ಲೆಂಡಿನವರು ಇದಕ್ಕೆ ಒಂದು ದಾರಿ ಕಂಡುಕೊಂಡರು. ದಶಕಗಳ ಕಾಲ ಗುಂಡು, ಬಾಂಬು, ಸಾವು ಕಂಡ ಜಾಗ ಅದು. ಜನರಲ್ಲಿ ಒಂದು ದೊಡ್ಡ ಭಾಗಕ್ಕೆ ಪೊಲೀಸರ ಮೇಲೆ ನಂಬಿಕೆಯೇ ಇರಲಿಲ್ಲ. 1998ರ ಕಾನೂನು, ಪೊಲೀಸರ ಮೇಲಿನ ದೂರು ವಿಚಾರಿಸಲು, ಪೊಲೀಸ್ ಒಂಬುಡ್ಸ್‌ಮನ್ ಎಂಬ ಹುದ್ದೆ ಮಾಡಿತು. 2000ನೇ ಇಸವಿ ನವೆಂಬರ್‌ನಿಂದ ಕಚೇರಿ ಕೆಲಸ ಶುರು ಮಾಡಿತು. ಅದಕ್ಕೆ ತನ್ನದೇ ತನಿಖಾಧಿಕಾರಿಗಳು, ಅವರಿಗೆ ಕಾನೂನಿನಲ್ಲೇ ಪೊಲೀಸ್ ಅಧಿಕಾರ. ಪೊಲೀಸರ ನಡವಳಿಕೆಯಿಂದ ಸಾವಾಗಿರಬಹುದು ಅನಿಸಿದರೆ ಪೊಲೀಸ್ ಮುಖ್ಯಸ್ಥರೇ ಆ ವಿಷಯವನ್ನು ಒಂಬುಡ್ಸ್‌ಮನ್‌ಗೆ ಒಪ್ಪಿಸಬೇಕು. ದೂರು ಬರಲಿ ಎಂದು ಕಾಯುವಂತಿಲ್ಲ. 29 ಜನ ಸತ್ತ ಓಮಾ ಬಾಂಬ್ ಸ್ಫೋಟದ ತನಿಖೆಯಲ್ಲಿ ಪೊಲೀಸರ ಲೋಪಗಳನ್ನು ಮೊದಲ ಒಂಬುಡ್ಸ್‌ಮನ್ ನೂಆಲಾ ಓಲೋನ್ 2001ರಲ್ಲಿ ಹೊರಗಿಟ್ಟರು. ಪೊಲೀಸ್ ಮುಖ್ಯಸ್ಥರು ಸಿಟ್ಟಾದರು. ವರದಿ ಮಾತ್ರ ಜನರ ಕೈ ಸೇರಿತು.

ಅಲ್ಲೂ ಎಲ್ಲ ಸುಸೂತ್ರ ಆಗಲಿಲ್ಲ. ಮುಂದೆ ಬಂದವರ ಕಾಲದಲ್ಲಿ ಕಚೇರಿಯ ಸ್ವಾತಂತ್ರ್ಯ ಕುಗ್ಗಿದೆ ಎಂದು 2011ರಲ್ಲಿ ಅಲ್ಲಿನ ನ್ಯಾಯ ವ್ಯವಸ್ಥೆಯ ಪರಿಶೀಲನಾ ಸಂಸ್ಥೆ ಬರೆಯಿತು. ಗಮನಿಸಿ, ಅದನ್ನು ಪರಿಶೀಲಿಸಲು ಇನ್ನೊಂದು ಸಂಸ್ಥೆ ಇತ್ತು, ಅದು ಹೇಳಿದ್ದನ್ನು ಜನ ಓದಿದರು. ನಮ್ಮ ಆಯೋಗಕ್ಕೆ ಸ್ವಂತ ತನಿಖಾ ಸಿಬ್ಬಂದಿ ನೇಮಿಸಿಕೊಳ್ಳುವ ಅಧಿಕಾರ ಮತ್ತು ಹಣ ಕೊಡುವುದು ನನ್ನ ಪಟ್ಟಿಯಲ್ಲಿ ಮೊದಲನೆಯದು. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಸೆಕ್ಷನ್ 11 ತಿದ್ದಿದರೆ ಸಾಕು.

ಇನ್ನು ನೀವು ಕೇಳಿದ ಹಲ್ಲಿನ ವಿಷಯ. ದಕ್ಷಿಣ ಆಫ್ರಿಕಾದ ಆಯೋಗ ಹೇಳಿದ್ದೇ ಆದೇಶ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ. ಒಂದು ಜಮೀನಿನಲ್ಲಿ ವಾಸವಿದ್ದವರಿಗೆ ಕೊಳವೆ ಬಾವಿಯ ನೀರು ಸಿಗದೆ ಹೋದಾಗ, ನೀರು ಮತ್ತೆ ಕೊಡಿ ಎಂದು ಆಯೋಗ ಮಾಲೀಕರಿಗೆ ನಿರ್ದೇಶನ ಕೊಟ್ಟಿತು. ಅವರು ಕೊಡಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. 2024ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆಫ್ ಅಪೀಲ್, ಆಯೋಗದ ನಿರ್ದೇಶನ ಕಡ್ಡಾಯ ಅಲ್ಲ, ಆಯೋಗ ಕೋರ್ಟಿಗೆ ಹೋಗಿಯೇ ಆದೇಶ ತರಬೇಕು ಎಂದಿತು. ನಿಮ್ಮ ಊರಿನ ಹುಡುಗನ ಕಷ್ಟವೂ ಇದೇ ಅಲ್ವಾ?

ಹಾಗೆಂದು ಅವರ ಹತ್ತಿರ ಬೇರೆ ದಾರಿ ಇಲ್ಲ ಎಂದಲ್ಲ. 2000ದ ಸಮಾನತೆ ಕಾಯ್ದೆ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲೇ ಸಮಾನತಾ ನ್ಯಾಯಾಲಯ ನಡೆಸಲು ಅವಕಾಶ ಮಾಡಿತು. ಒಂದು ಫಾರಂ ತುಂಬಿದರೆ ಸಾಕು. ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಎಂದೂ ಇಲ್ಲ. ಫಾರಂ ತುಂಬಲು ಬಾರದಿದ್ದರೆ ಗುಮಾಸ್ತರು ನೆರವಾಗಬೇಕು. ಭೇದಭಾವ ಆಗಿದೆ ಎಂದು ಮೇಲ್ನೋಟಕ್ಕೆ ತೋರಿಸಿದರೆ, ಆಗಿಲ್ಲ ಎಂದು ತೋರಿಸುವ ಹೊಣೆ ಎದುರಿನವರದು. ನಮ್ಮ ಕಾಯ್ದೆಯ ಸೆಕ್ಷನ್ 30ರಲ್ಲೂ ಜಿಲ್ಲೆಗೊಂದು ಮಾನವ ಹಕ್ಕು ನ್ಯಾಯಾಲಯದ ಮಾತಿದೆ. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳ ಒಪ್ಪಿಗೆ ಪಡೆದು ರಾಜ್ಯ ಸರ್ಕಾರ ಸೆಷನ್ಸ್ ಕೋರ್ಟನ್ನು ಹಾಗೆ ಹೆಸರಿಸಬಹುದು. ಆದರೆ ಅಲ್ಲಿ ಯಾವ ಅಪರಾಧದ ಕೇಸು ನಡೆಯಬೇಕು, ನೊಂದವರು ನೇರವಾಗಿ ಹೋಗಬಹುದೇ, ಯಾವ ಕ್ರಮದಲ್ಲಿ ವಿಚಾರಣೆ ಎಂದು ಕಾಯ್ದೆ ಹೇಳುವುದೇ ಇಲ್ಲ. ಹೆಸರಿದೆ, ಬಾಗಿಲಿಲ್ಲ. ದಕ್ಷಿಣ ಆಫ್ರಿಕಾದ ಆ ಫಾರಂ ಮತ್ತು ಆ ಗುಮಾಸ್ತರನ್ನು ನಾವು ತರಬೇಕು. ಅಲ್ಲಿ ಈ ಕೋರ್ಟುಗಳ ಬಗ್ಗೆ ಜನರಿಗೆ ಗೊತ್ತೇ ಇಲ್ಲ ಎಂಬ ಕೊರಗೂ ಇದೆ. ಹಾಗಾಗಿ ಠಾಣೆ, ತಾಲ್ಲೂಕು ಕಚೇರಿ, ಆಸ್ಪತ್ರೆಯ ಗೋಡೆಯಲ್ಲಿ ಕನ್ನಡದಲ್ಲಿ ಬರೆದು ಹಾಕುವ ಕೆಲಸವೂ ಕಾನೂನಿನಲ್ಲೇ ಇರಲಿ.

ಕೆನಡಾ ಮಾಡಿದ್ದು ಇನ್ನೊಂದು ರೀತಿ. 1977ರ ಅವರ ಕಾಯ್ದೆಯಲ್ಲಿ ಆಯೋಗ ಬೇರೆ, ನ್ಯಾಯಮಂಡಳಿ ಬೇರೆ. ಆಯೋಗ ದೂರು ನೋಡುತ್ತದೆ, ರಾಜಿ ಮಾಡಿಸಲು ಯತ್ನಿಸುತ್ತದೆ, ಆಗದಿದ್ದರೆ ಮಂಡಳಿಗೆ ಕಳಿಸುತ್ತದೆ. ಮಂಡಳಿಯದ್ದು ಆದೇಶ, ಅದನ್ನು ಫೆಡರಲ್ ಕೋರ್ಟಿನ ಆದೇಶದ ಹಾಗೆ ಜಾರಿ ಮಾಡಿಸಬಹುದು. ತನಿಖೆ ಮಾಡುವವರೇ ತೀರ್ಪು ಕೊಡುವ ತೊಂದರೆ ಇಲ್ಲಿಲ್ಲ. ಅದಕ್ಕೇ ನನಗಿದು ಹಿಡಿಸುತ್ತದೆ. ಅಲ್ಲಿನ ಮೂಲನಿವಾಸಿ ಮಕ್ಕಳ ಕಲ್ಯಾಣಕ್ಕೆ ಸರ್ಕಾರ ಕಡಿಮೆ ಹಣ ಕೊಡುತ್ತಿದೆ ಎಂದು 2007ರಲ್ಲಿ ದೂರು ಬಂತು. 2016ರಲ್ಲಿ ಮಂಡಳಿ ಇದು ಭೇದಭಾವ ಎಂದಿತು. 2019ರಲ್ಲಿ, ತೊಂದರೆಗೊಳಗಾದ ಪ್ರತಿ ಮಗುವಿಗೆ 40,000 ಡಾಲರ್ ಕೊಡಿ ಎಂದು ಆದೇಶಿಸಿತು. ಸರ್ಕಾರ ಕೋರ್ಟಿಗೆ ಹೋಗಿ ಸೋತು, ಕೊನೆಗೆ 2,300 ಕೋಟಿ ಡಾಲರಿಗೂ ಮೀರಿದ ಪರಿಹಾರಕ್ಕೆ ಒಪ್ಪಿತು. 2023ರಲ್ಲಿ ಕೋರ್ಟು ಅದಕ್ಕೆ ಮುದ್ರೆ ಒತ್ತಿತು. ಆದರೆ ದೂರಿನಿಂದ ಮೊದಲ ತೀರ್ಮಾನಕ್ಕೇ 9 ವರ್ಷ ಹಿಡಿಯಿತು. 2007ರಲ್ಲಿ ಆರು ವರ್ಷದ್ದಾಗಿದ್ದ ಮಗುವಿಗೆ ಆಗ ಹದಿನೈದು. ನ್ಯಾಯಮಂಡಳಿಗಳಲ್ಲಿ ಕುರ್ಚಿಗಳು ಖಾಲಿ ಬಿದ್ದಿರುವುದನ್ನು ನಾವು ಇಲ್ಲೂ ನೋಡಿದ್ದೇವೆ. ಕೆನಡಾದ ಮಾದರಿ ತಂದರೆ ತೀರ್ಮಾನಕ್ಕೂ ಗಡುವು ಹಾಕಬೇಕು, ಕುರ್ಚಿ ತುಂಬುವುದಕ್ಕೂ ಹಾಕಬೇಕು.

ಪಕ್ಕದ ನೇಪಾಳದ ಒಂದು ಉಪಾಯ ಅಗ್ಗದ್ದು, ಆದರೆ ಬಲವಾದದ್ದು. ಶಿಫಾರಸು ಪಾಲಿಸದ ಅಧಿಕಾರಿಯ ಹೆಸರನ್ನು ಪ್ರಕಟಿಸುವ ಅಧಿಕಾರವನ್ನು ಅವರ 2015ರ ಸಂವಿಧಾನವೇ ಆಯೋಗಕ್ಕೆ ಕೊಟ್ಟಿದೆ. 2020ರ ಅಕ್ಟೋಬರ್‌ನಲ್ಲಿ ಆಯೋಗ 286 ಜನರ ಹೆಸರು ಹೊರಗಿಟ್ಟಿತು. ಅಷ್ಟರಿಂದಲೇ ಎಲ್ಲರಿಗೂ ಶಿಕ್ಷೆ ಆಗಲಿಲ್ಲ, ನಿಜ. ಆದರೂ ‘ಇಲಾಖೆ’ ಎಂಬ ಮುಖವಿಲ್ಲದ ಪದದ ಹಿಂದೆ ಯಾರೂ ಅಡಗಿ ಕೂರಲು ಆಗಲಿಲ್ಲ. ದೂರು ಕೊಡಲು ಅವರ ಕಾಯ್ದೆಯಲ್ಲಿದ್ದ 6 ತಿಂಗಳ ಗಡುವನ್ನು 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ನಮ್ಮಲ್ಲಿ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಿಸುವಂತಿಲ್ಲ. ಹೆದರಿ ಊರು ಬಿಟ್ಟವರು, ಜೈಲಿನಲ್ಲೇ ಇರುವವರು ಒಂದು ವರ್ಷದೊಳಗೆ ಬರಬೇಕು ಅನ್ನುವುದು ಅನ್ಯಾಯ. ಅದು ಹೋಗಲೇಬೇಕು.

ನ್ಯೂಜಿಲೆಂಡಿನಿಂದ ಒಂದೇ ಮಾತು ಸಾಕು. ಕಾನೂನೊಂದು ಹಕ್ಕುಗಳಿಗೆ ವಿರುದ್ಧ ಎಂದು ಕೋರ್ಟ್ ಘೋಷಿಸಿದರೆ ಸರ್ಕಾರ 6 ತಿಂಗಳೊಳಗೆ ಸಂಸತ್ತಿಗೆ ಉತ್ತರ ಕೊಡಬೇಕು. 2022ರಲ್ಲಿ ಬಂದ ನಿಯಮ ಇದು. ನಮ್ಮಲ್ಲಿ ಆಯೋಗದ ವಾರ್ಷಿಕ ವರದಿ ಸಂಸತ್ತಿನಲ್ಲಿ ಮಂಡನೆಯಾಗಲು ಸರ್ಕಾರದ ಕ್ರಮದ ಟಿಪ್ಪಣಿಯೂ ಜೊತೆಗಿರಬೇಕು, ಅದಕ್ಕೆ ಗಡುವಿಲ್ಲ. ಹಾಗಾಗಿ ಹಳೆಯ ವರ್ಷದ ವರದಿಗಳು ತಡವಾಗಿ ಬರುತ್ತವೆ. 6 ತಿಂಗಳು ಎಂಬ ಎರಡು ಪದ ಸೇರಿಸಿದರೂ ಎಷ್ಟೋ ಬದಲಾಗುತ್ತದೆ.

ಒಂದು ವಿಷಯಕ್ಕೆ ಹೊರದೇಶದ ಪಾಠವೂ ಬೇಕಿಲ್ಲ. ನಮ್ಮ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಸಶಸ್ತ್ರ ಪಡೆಗಳ ಮೇಲಿನ ದೂರು ಬಂದರೆ ಆಯೋಗ ಕೇಂದ್ರದಿಂದ ವರದಿ ಕೇಳಬಹುದು, ತಾನೇ ತನಿಖೆ ಮಾಡುವಂತಿಲ್ಲ. ಆ ಪದದೊಳಗೆ ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳೂ ಬರುತ್ತವೆ. ಕಾಯ್ದೆಯನ್ನು ಪರಿಶೀಲಿಸಲು ಆಯೋಗವೇ ನೇಮಿಸಿದ್ದ ಮಾಜಿ ಮುಖ್ಯ ನ್ಯಾಯಮೂರ್ತಿ ಎ.ಎಂ. ಅಹ್ಮದಿ ಸಮಿತಿ, ಅರೆಸೇನಾ ಪಡೆಗಳನ್ನು ಈ ರಕ್ಷಣೆಯಿಂದ ಹೊರಗಿಡಿ ಎಂದು ಹೇಳಿ ಕಾಲು ಶತಮಾನವೇ ಆಯಿತು. 2006ರಲ್ಲಿ ತಿದ್ದುಪಡಿ ಬಂತು, 2019ರಲ್ಲೂ ಬಂತು. ಆ ಸಾಲು ಹಾಗೇ ಇದೆ.

ಇವೆಲ್ಲ ಆಗುವವರೆಗೆ ನಿಮ್ಮ ಹುಡುಗ ಏನು ಮಾಡಬೇಕು? ‘ಬರೀ ಶಿಫಾರಸು’ ಎಂಬ ಮಾತನ್ನು ಒಪ್ಪಿಕೊಂಡು ಸುಮ್ನೆ ಕೂರಬೇಡಿ. ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರ ಫೆಬ್ರವರಿಯಲ್ಲಿ, ಸೆಕ್ಷನ್ 18ರ ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕು ಎಂದು ತೀರ್ಪು ಕೊಟ್ಟಿದೆ. ಅದು ಕರ್ನಾಟಕದ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ನಿಮ್ಮ ವಕೀಲರು ಅದನ್ನು ಮುಂದಿಟ್ಟು ವಾದಿಸಬಹುದು. ಮೊದಲು ವಿಚಾರಣಾ ವರದಿಯ ಪ್ರತಿ ಕೇಳಿ ಪಡೆಯಿರಿ. ದೂರುದಾರರಿಗೆ ಅದು ಸಿಗಬೇಕು ಎಂದು ಸೆಕ್ಷನ್ 18ರಲ್ಲೇ ಇದೆ. ಸರ್ಕಾರ ಒಂದು ತಿಂಗಳಲ್ಲಿ, ಅಥವಾ ಆಯೋಗ ಕೊಟ್ಟ ಹೆಚ್ಚಿನ ಸಮಯದೊಳಗೆ, ಉತ್ತರ ಕೊಟ್ಟಿತೇ ಎಂದು ಬರವಣಿಗೆಯಲ್ಲಿ ವಿಚಾರಿಸಿ. ಕೊಟ್ಟಿಲ್ಲದಿದ್ದರೆ, ಅದೇ ಸೆಕ್ಷನ್ನಿನ ಕೆಳಗೆ ಆಯೋಗವೇ ಹೈಕೋರ್ಟಿಗೆ ಹೋಗಬಹುದು, ಹೋಗಿ ಎಂದು ಅರ್ಜಿ ಕೊಡಿ. ಅದೂ ಆಗದಿದ್ದರೆ ಸಂವಿಧಾನದ 226ನೇ ವಿಧಿಯ ಕೆಳಗೆ ನೀವೇ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಹುಡುಗ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದರೆ, ಇಲ್ಲವೇ ಈಗಲೂ ಬಂಧನದಲ್ಲಿದ್ದರೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಅವರು ಬೆಂಗಳೂರು, ಧಾರವಾಡ, ಕಲಬುರಗಿಯಲ್ಲಿ ನಿಮಗೆ ಯಾವ ಪೀಠ ಬರುತ್ತದೋ ಅಲ್ಲಿಗೆ ಅರ್ಜಿ ಕಳಿಸುವ ದಾರಿ ಹೇಳುತ್ತಾರೆ.